ಮಲೆನಾಡಿನ ಚಾರಣಕ್ಕೆ ಟೆಂಟಾ, ಟಾರ್ಪಾ, ಹ್ಯಾಮಕ್ಕಾ? ಹಾಸನ–ಚಿಕ್ಕಮಗಳೂರು ಕಡೆಯವರು ಹೇಳಿ

ಹಾಸನದ ಚಾರಣಿಗ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬಾಡಿಗೆ ಟೆಂಟಿನಲ್ಲೇ ಕಾಲ ಹಾಕಿದ್ದಾಯಿತು. ಈ ಸಲ ಸ್ವಂತದ್ದೊಂದು ತಗೊಳ್ಳಬೇಕು. ನಾನು, ಜೊತೆಗೆ ಒಬ್ಬ ಗೆಳೆಯ. ಓಡಾಟ ಹೆಚ್ಚಾಗಿ ಸಕಲೇಶಪುರ, ಮೂಡಿಗೆರೆ, ಕಳಸದ ಕಡೆ. ಶನಿವಾರ ಹೋಗಿ ಭಾನುವಾರ ವಾಪಸ್. ಮುಂದೆ ಹಿಮಾಲಯಕ್ಕೂ ಹೋಗುವ ಆಸೆ ಇದೆ. ಬಜೆಟ್ ಎಂಟು ಸಾವಿರ, ಎಳೆದಾಡಿದರೆ ಹತ್ತು.

ನೋಡಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ. ಒಬ್ಬರು ಟೆಂಟ್ ಅಂತಾರೆ. ಇನ್ನೊಬ್ಬರು ಟಾರ್ಪ್, ಅಂದರೆ ಹಗ್ಗದಲ್ಲಿ ಎಳೆದು ಕಟ್ಟುವ ಹೊದಿಕೆ, ಒಂದಿದ್ದರೆ ಸಾಕು, ಸುಮ್ನೆ ಭಾರ ಯಾಕೆ ಹೊರ್ತೀರಿ ಅಂತಾರೆ. ಹ್ಯಾಮಕ್, ಅಂದರೆ ಮರಕ್ಕೆ ಕಟ್ಟುವ ಜೋಲಿ, ಹಿಡಿದವರಂತೂ ಬೇರೆ ಮಾತೇ ಆಡುವುದಿಲ್ಲ. ಅಂಗಡಿಯಲ್ಲಿ ಕೇಳಿದರೆ 1500 ಮಿ.ಮೀ., 3000 ಮಿ.ಮೀ. ಅಂತ ನಂಬರ್ ಹೇಳ್ತಾರೆ. ನಂಬರ್ ಜಾಸ್ತಿ ಇದ್ದಷ್ಟೂ ನಮ್ಮ ಮಳೆಗೆ ಒಳ್ಳೆಯದು, ಅಲ್ವಾ? ಅದೊಂದನ್ನೇ ನೋಡಿ ತಗೊಂಡುಬಿಡಬಹುದಾ?

ಕೊಟ್ಟಿಗೆಹಾರ ಗಾಳಿ

ಟೆಂಟ್ ಆಮೇಲೆ. ಮೊದಲು ಎಲ್ಲಿ ಮಲಗುತ್ತೀರಿ ಹೇಳಿ ಗುರು. ಕುದುರೆಮುಖಕ್ಕೆ ಅರಣ್ಯ ಇಲಾಖೆಯಲ್ಲಿ ಆನ್‌ಲೈನ್ ಬುಕ್ ಮಾಡಿ, ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿಯಬೇಕು. ರಾಷ್ಟ್ರೀಯ ಉದ್ಯಾನ ಅದು, ಮೇಲೆ ರಾತ್ರಿ ಉಳಿಯುವಂತಿಲ್ಲ. ನೇತ್ರಾವತಿ ಶಿಖರದ ಕಥೆಯೂ ಅಷ್ಟೇ. ಮುಳ್ಳಯ್ಯನಗಿರಿ ತುದಿಯಲ್ಲೂ ಟೆಂಟ್ ಹಾಕಲು ಬಿಡುವುದಿಲ್ಲ. ಭದ್ರಾ ಅಂತೂ ಹುಲಿ ಮೀಸಲು ಪ್ರದೇಶ, ಅಲ್ಲಿಯ ಮಾತೇ ಬೇಡ.

ಹಾಗಾಗಿ ನಮ್ಮ ಕಡೆ ಟೆಂಟ್ ಬೀಳುವ ಜಾಗ ಅಂದರೆ ಹೋಂಸ್ಟೇ ಅಂಗಳ, ತೋಟದ ಅಂಚು, ಪರಿಚಯದವರ ಬ್ಯಾಣ, ಅಂದರೆ ಹುಲ್ಲುಗಾವಲು. ಬೆಟ್ಟದ ನೆತ್ತಿಯ ಮೇಲೆ ಕಿತ್ತಳೆ ಬಣ್ಣದ ಟೆಂಟ್ ಹೊಳೆಯುವ ಫೋಟೊ ನೋಡಿ ಆರಿಸಬೇಡಿ. ಅದು ಈ ದೇಶದ ಫೋಟೊನೂ ಆಗಿರುವುದಿಲ್ಲ.

ಹಾಸನದ ಚಾರಣಿಗ

ಅದು ಗೊತ್ತು ಅಣ್ಣ. ಗೆಳೆಯನ ಮಾವನದು ಮೂಡಿಗೆರೆ ಹತ್ತಿರ ತೋಟ, ಮೇಲುಗಡೆ ಸ್ವಲ್ಪ ಬ್ಯಾಣ ಇದೆ. ಉಳಿದ ಕಡೆ ಹೋಂಸ್ಟೇಯವರನ್ನು ಕೇಳಿಯೇ ಹಾಕುವುದು. ಕಾಡಿನಲ್ಲಿ ಕದ್ದು ಮಲಗುವ ಯೋಚನೆ ಇಲ್ಲ.

ಕಾಫಿ ಕಣ

ಹಾಗಾದರೆ ಮಾತಾಡಬಹುದು.

ಮೊದಲು ಆ ಮಿ.ಮೀ. ವಿಷಯ ಮುಗಿಸೋಣ. ಬಟ್ಟೆಯ ಮೇಲೆ ಕೊಳವೆ ನಿಲ್ಲಿಸಿ ನೀರು ತುಂಬುತ್ತಾ ಹೋಗುತ್ತಾರೆ. ನೀರು ಎಷ್ಟು ಎತ್ತರಕ್ಕೆ ಬಂದಾಗ ಬಟ್ಟೆ ತೊಟ್ಟಿಕ್ಕಲು ಶುರುಮಾಡುತ್ತದೋ ಅದೇ ಆ ನಂಬರ್. 1500 ಅಂದರೆ ಒಂದೂವರೆ ಮೀಟರ್ ನೀರನ್ನು ತಡೆಯಿತು ಅಂತ. ಮೇಲಿನ ಹೊದಿಕೆಗೆ, ಅಂದರೆ ಫ್ಲೈಗೆ, 1500ರಿಂದ 2000 ಇದ್ದು ಹೊಲಿಗೆಗಳಿಗೆ ಒಳಗಿನಿಂದ ಟೇಪ್ ಹೊಡೆದಿದ್ದರೆ ನಮ್ಮ ಮಳೆಗೆ ಸಾಕು. ಜಾಸ್ತಿ ಬೇಕಾಗಿರುವುದು ನೆಲಕ್ಕೆ. ಮೊಣಕಾಲೂರಿದಾಗ ಮೈಭಾರವೆಲ್ಲ ಅಂಗೈಯಗಲ ಜಾಗದ ಮೇಲೆ ಬೀಳುತ್ತದೆ, ಕೆಳಗಿನ ಒದ್ದೆ ಬಟ್ಟೆಯೊಳಗಿಂದ ಮೇಲೆ ಬರುತ್ತದೆ. ನೆಲದ ಬಟ್ಟೆ 3000 ಇದ್ದರೆ ನೆಮ್ಮದಿ. ಅಂಗಡಿಯವರು ಫ್ಲೈ ನಂಬರ್ ಹೇಳಿ ಸುಮ್ಮನಾಗುತ್ತಾರೆ. ನೆಲದ್ದು ಎಷ್ಟು ಅಂತ ನೀವೇ ಕೇಳಬೇಕು.

ಈಗ ನಿಜವಾದ ವಿಷಯ. ನಮ್ಮ ಕಡೆ ಟೆಂಟಿನೊಳಗೆ ಒದ್ದೆಯಾಗುವವರಲ್ಲಿ ಬಹಳ ಜನ ಮಳೆಗೆ ಒದ್ದೆಯಾದವರಲ್ಲ. ಡಿಸೆಂಬರಿನಲ್ಲಿ, ಒಂದು ಹನಿ ಮಳೆ ಇಲ್ಲದ ರಾತ್ರಿ, ಬೆಳಿಗ್ಗೆ ಎದ್ದರೆ ಸ್ಲೀಪಿಂಗ್ ಬ್ಯಾಗಿನ ಕಾಲಿನ ಕಡೆ ತೊಪ್ಪೆ. ಫ್ಲೈ ಒಳಮೈಯನ್ನು ಬೆರಳಿಂದ ಸವರಿದರೆ ನೀರು ಇಳಿಯುತ್ತದೆ. ಟೆಂಟ್ ಸೋರಿತು ಅಂತ ಬೈಯುತ್ತಾರೆ. ಸೋರಿಲ್ಲ. ರಾತ್ರಿ ಇಬ್ಬರೂ ಬಿಟ್ಟ ಉಸಿರು, ಮೈ ಬೆವರು, ನೆಲದಿಂದ ಎದ್ದ ತೇವ ಎಲ್ಲ ಸೇರಿ ಅಲ್ಲಿ ಕೂತಿದೆ. ತೆರೆದ ಆಕಾಶದ ಕೆಳಗೆ ಆ ತೆಳು ಬಟ್ಟೆ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ತೇವದ ಗಾಳಿ ಮುಟ್ಟಿದ ಕೂಡಲೇ ಹನಿ. ಇಬ್ಬನಿ ಬೀಳುವ ರೀತಿಯೂ ಇದೇ. ಫ್ಲೈ ನಂಬರ್ 1500 ಇರಲಿ, 5000 ಇರಲಿ, ಇದನ್ನು ತಡೆಯಲು ಆಗುವುದಿಲ್ಲ.

ಹಾಗಾಗಿ ಮಲೆನಾಡಿಗೆ ಟೆಂಟ್ ನೋಡುವಾಗ ನಾನು ಮೊದಲು ಕೇಳುವುದು ಗಾಳಿ ಎಲ್ಲಿಂದ ಬಂದು ಎಲ್ಲಿಂದ ಹೋಗುತ್ತದೆ ಅಂತ. ಎರಡು ಪದರ ಇರಬೇಕು. ಒಳಗಿನದು ಹೆಚ್ಚಾಗಿ ಸೊಳ್ಳೆಪರದೆಯ ಬಟ್ಟೆ, ಹೊರಗಿನದು ಫ್ಲೈ, ನಡುವೆ ನಾಲ್ಕು ಬೆರಳು ಜಾಗ. ಆಗ ಹನಿ ಫ್ಲೈ ಮೇಲೆ ಕೂತರೂ ಒಳಪದರ ನಿಮ್ಮನ್ನು ಅದರಿಂದ ದೂರ ಇಡುತ್ತದೆ. ಒಂದೇ ಪದರದ ಟೆಂಟ್ ಹಗುರ ನಿಜ, ಒಣ ಹವೆಯ ಊರಿಗೆ ಚೆನ್ನಾಗಿರುತ್ತದೆ. ಇಲ್ಲಿ ಭುಜ ತಗುಲಿದ ಕಡೆಯೆಲ್ಲ ಒದ್ದೆ. ನೆತ್ತಿಯ ಹತ್ತಿರ ಮಳೆ ಬಂದರೂ ತೆರೆದೇ ಇಡಬಹುದಾದ ಕಿಂಡಿ ಬೇಕು. ಬಾಗಿಲು ಎರಡಿದ್ದರೆ ಇನ್ನೂ ವಾಸಿ. ಮಳೆ ನಿಂತ ಕೂಡಲೇ ಎರಡನ್ನೂ ಅರ್ಧ ತೆರೆದುಬಿಡಿ. ಚಳಿ ಅಂತ ಎಲ್ಲ ಬಿಗಿಯಾಗಿ ಮುಚ್ಚಿಕೊಂಡು ಮಲಗಿದರೆ ಬೆಳಿಗ್ಗೆ ಇನ್ನೂ ಚಳಿ.

ಜಾಗವೂ ಅಷ್ಟೇ ಮುಖ್ಯ. ಹಳ್ಳದ ಪಕ್ಕ ನೋಡಲು ಚೆಂದ, ಮಲಗಲು ಕೆಟ್ಟದ್ದು. ತಣ್ಣನೆ ಗಾಳಿ ರಾತ್ರಿ ಇಳಿಜಾರಿನಲ್ಲಿ ಜಾರಿ ಬಂದು ತಗ್ಗಿನಲ್ಲೇ ನಿಲ್ಲುತ್ತದೆ, ನೀರಿನ ಪಸೆಯೂ ಅಲ್ಲೇ. ಹಳ್ಳದಿಂದ ಸ್ವಲ್ಪ ಮೇಲೆ, ದಿಬ್ಬದ ಓರೆಯಲ್ಲಿ ಹಾಕಿದರೆ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ಬಯಲಿಗಿಂತ ಮರದ ಅಂಚಿನಲ್ಲಿ ಇಬ್ಬನಿ ಕಮ್ಮಿ, ಎಲೆಗಳು ಆಕಾಶವನ್ನು ಮರೆ ಮಾಡುತ್ತವೆ. ಆದರೆ ಯಾವ ಮರ ಅಂತ ತಲೆ ಎತ್ತಿ ನೋಡಿ. ಸಿಲ್ವರ್ ಓಕ್ ಕೊಂಬೆ ಗಾಳಿಗೆ ಲಟಕ್ ಅಂತ ಮುರಿಯುತ್ತದೆ. ಒಣ ಕೊಂಬೆ ನೇತಾಡುವ ಯಾವ ಮರದ ಕೆಳಗೂ ಬೇಡ.

ಜೋಲಿ ಪ್ರಿಯ

@ಕಾಫಿ ಕಣ, ಇಷ್ಟೆಲ್ಲ ನೆಲದ ತೇವದ ಕಥೆ ಹೇಳಿದ ಮೇಲೆ ಹ್ಯಾಮಕ್ ಅಂತ ನೀವೇ ಹೇಳಬೇಕಿತ್ತು! ನೆಲ ಸಮ ಇಲ್ಲ, ಕಲ್ಲು, ಬೇರು, ಕೆಸರು, ಇಂಬಳ (ಜಿಗಣೆ). ಯಾವುದೂ ಲೆಕ್ಕಕ್ಕಿಲ್ಲ. ಎರಡು ಮರ ಇದ್ದರೆ ಸಾಕು. ಸೊಳ್ಳೆಪರದೆ ಹೊಲಿದಿರುವ ಹ್ಯಾಮಕ್, ಮೇಲೊಂದು ಟಾರ್ಪ್, ಕಾಲು ಕೆಸರಿಗೆ ಇಳಿಸದೇ ನಿದ್ದೆ.

ಬೆನ್ನು ನೋವು ಬರುತ್ತದೆ ಅನ್ನುವವರು ಬಿಲ್ಲಿನ ಹಗ್ಗದ ಹಾಗೆ ಬಿಗಿಯಾಗಿ ಕಟ್ಟಿರುತ್ತಾರೆ. ಹಾಗಲ್ಲ. ಪಟ್ಟಿ ಮರದಿಂದ ಸುಮಾರು 30 ಡಿಗ್ರಿ ಕೆಳಕ್ಕೆ ಇಳಿಯಬೇಕು, ಹ್ಯಾಮಕ್ ಚೆನ್ನಾಗಿ ಜೋತಾಡಬೇಕು. ಆಮೇಲೆ ನೇರ ಮಲಗದೇ ಓರೆಯಾಗಿ ಮಲಗಿ. ಮೈ ಹೆಚ್ಚುಕಮ್ಮಿ ಮಟ್ಟಸವಾಗುತ್ತದೆ. ಅದಕ್ಕೇ ಉದ್ದ ಹ್ಯಾಮಕ್ ತಗೊಳ್ಳಿ, ಹತ್ತಡಿಗೆ ಕಮ್ಮಿ ಇರುವುದು ಮಧ್ಯಾಹ್ನದ ಜೊಂಪಿಗೆ ಮಾತ್ರ.

ಕಾಫಿ ಕಣ

ಎರಡು ಮರ ಸಾಕು ಅಂತೀರಿ. ನಮ್ಮ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸದ ಎರಡು ಮರ ಹದಿನೈದಡಿ ಅಂತರದಲ್ಲಿ ತೋರಿಸಿಬಿಡಿ ನೋಡೋಣ. ಬಳ್ಳಿಯ ಮೇಲೆ ಪಟ್ಟಿ ಬಿಗಿದು ಒಬ್ಬ ಆಳು ರಾತ್ರಿಯಿಡೀ ಜೋತಾಡಿದರೆ ಗೆಣ್ಣುಗಳೆಲ್ಲ ಜಜ್ಜಿ ಹೋಗುತ್ತವೆ. ಮೆಣಸಿಗೆ ಈಗಿರುವ ರೇಟಿಗೆ ತೋಟದವರು ಟೆಂಟ್ ಜಾಗ ಕೊಟ್ಟರೂ ಕೊಟ್ಟಾರು, ಬಳ್ಳಿ ಮರ ಕೊಡುವುದಿಲ್ಲ. ಬ್ಯಾಣಕ್ಕೆ ಹೋದರೆ ಮರವೇ ಇಲ್ಲ, ಬರೀ ಹುಲ್ಲು.

ಜೋಲಿ ಪ್ರಿಯ

ಅದೊಂದು ಒಪ್ಪಿದೆ 😄 ಬಳ್ಳಿ ಇಲ್ಲದ ಹಲಸು, ನೇರಳೆ, ಬೇಲಿ ಸಾಲಿನ ಮರ ಹುಡುಕಬೇಕು. ಪಟ್ಟಿ ಅಗಲ ಇರಲಿ, ಎರಡು ಬೆರಳಾದರೂ. ತೆಳ್ಳಗಿನ ಹಗ್ಗ ತೊಗಟೆ ಕೊಯ್ಯುತ್ತದೆ. ಮಳೆಗಾಲದಲ್ಲಿ ಪಟ್ಟಿಗೆ ಒಂದು ಸಣ್ಣ ದಾರ ಇಳಿಬಿಟ್ಟಿರಿ. ಮರದಿಂದ ಹರಿದು ಬರುವ ನೀರು ಅಲ್ಲೇ ಕೆಳಕ್ಕೆ ತೊಟ್ಟಿಕ್ಕುತ್ತದೆ, ಹ್ಯಾಮಕ್‌ವರೆಗೆ ಬರುವುದಿಲ್ಲ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ: ಕೆಳಗಿಂದ ಗಾಳಿ ಆಡುವುದರಿಂದ ಬೆನ್ನು ಸಿಕ್ಕಾಪಟ್ಟೆ ತಣ್ಣಗಾಗುತ್ತದೆ. ಸ್ಲೀಪಿಂಗ್ ಬ್ಯಾಗ್ ಮೈಭಾರಕ್ಕೆ ಅಪ್ಪಚ್ಚಿಯಾಗಿ ಬೆನ್ನಿನ ಕಡೆ ಕೆಲಸ ಮಾಡುವುದಿಲ್ಲ. ಫೋಮ್ ಮ್ಯಾಟ್ ಒಳಗೆ ಹಾಸಲೇಬೇಕು. ಚಿಕ್ಕಮಗಳೂರಿನ ಜನವರಿ ರಾತ್ರಿಗೆ ಮ್ಯಾಟ್ ಇಲ್ಲದೇ ಹ್ಯಾಮಕ್ ಬೇಡ.

ತೋಟದ ರೈಟರು

ಹಲಸಿನ ಮರಕ್ಕೆ ಕಟ್ಟಿ ಅಂತ ಯಾರೋ ಬರೆದಿದ್ದಾರಲ್ಲ, ಯಾವ ತಿಂಗಳು ಅಂತ ಹೇಳಲಿಲ್ಲ. ಹಣ್ಣಿನ ಕಾಲದಲ್ಲಿ ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಹಲಸಿನ ಮರದ ಕೆಳಗೆ ಹ್ಯಾಮಕ್ಕೂ ಬೇಡ, ಟೆಂಟೂ ಬೇಡ. ಆನೆಗೆ ಹಲಸು ಎಲ್ಲಿದೆ ಅಂತ ನಮಗಿಂತ ಚೆನ್ನಾಗಿ ಗೊತ್ತು. ಭತ್ತ ಹಣ್ಣಾಗುವ ಕಾಲಕ್ಕೆ ಗದ್ದೆ ಬದಿಯೂ ಬೇಡ. ತೋಟದೊಳಗೆ ಆನೆ ನಡೆಯುವ ದಾರಿ ಇರುತ್ತದೆ, ಲೈನ್ ಮನೆಯ ಕೂಲಿಯವರನ್ನು ಕೇಳಿದರೆ ಕೈ ತೋರಿಸುತ್ತಾರೆ. ಆ ಸಾಲಿನಲ್ಲಿ ಜಾಗ ಎಷ್ಟೇ ಮಟ್ಟಸ ಇದ್ದರೂ ಬಿಡಿ. ಆ ಊರಿನ ಆನೆ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಇದ್ದರೆ ಆವತ್ತು ಸಂಜೆ ಆನೆ ಹಿಂಡು ಎಲ್ಲಿದೆ ಅಂತ ವಿಚಾರಿಸಿ. ಹತ್ತಿರ ಇದೆ ಅಂದರೆ ಟೆಂಟ್ ಬಿಚ್ಚಲೇಬೇಡಿ, ಮನೆ ಜಗುಲಿಯಲ್ಲಿ ಮಲಗಿ.

ತಿನ್ನುವ ಸಾಮಾನು, ಉಪ್ಪು, ಹಣ್ಣು ಟೆಂಟಿನೊಳಗೆ ಇಟ್ಟುಕೊಳ್ಳಬೇಡಿ. ಇದು ಯಾವ ಕಂಪನಿ ಟೆಂಟಿಗಾದರೂ ಒಂದೇ.

ಸಕಲೇಶಪುರದ ಸವಾರ

ಟಾರ್ಪ್ ಪರವಾಗಿ ಯಾರೂ ಇಲ್ವಾ? ನಾನಿದ್ದೇನೆ.

ಮೂರು ಮೀಟರ್‌ಗೆ ಮೂರು ಮೀಟರ್ ಟಾರ್ಪ್, ಎರಡು ಟ್ರೆಕ್ಕಿಂಗ್ ಕೋಲು, ಎಂಟು ಗೂಟ, ಹಗ್ಗ. ಟೆಂಟಿನ ಅರ್ಧ ದುಡ್ಡೂ ಬೇಡ. ಎರಡು ಪದರದ ಅಗ್ಗದ ಟೆಂಟ್ ಎರಡೂವರೆ ಮೂರು ಕೆ.ಜಿ. ತೂಗುತ್ತದೆ, ಟಾರ್ಪ್ ಅದರ ಕಾಲುಭಾಗ. ಗಾಳಿ ಜೋರಿದ್ದರೆ ಗಾಳಿ ಬರುವ ಕಡೆ ನೆಲಕ್ಕೆ ಮುಟ್ಟಿಸಿ ಇಳಿಸಿ ಕಟ್ಟುತ್ತೇನೆ. ಗಾಳಿ ಇಲ್ಲದಿದ್ದರೆ ಎತ್ತರಕ್ಕೆ ಕಟ್ಟಿ ಕೆಳಗೆ ಆರಾಮಾಗಿ ಕೂತು ಅಡುಗೆ. ನಿಮ್ಮ ಉಸಿರಿನ ನೀರಿನ ಸಮಸ್ಯೆನೂ ಇಲ್ಲ, ಎಲ್ಲ ಕಡೆ ಬಾಗಿಲೇ. ಮೊದಲೆಲ್ಲ ನಮ್ಮ ಕಡೆಯವರು ಕಂಬಳಿ ಕೊಪ್ಪೆ ಹಾಕಿಕೊಂಡೇ ನಾಟಿ ಮುಗಿಸುತ್ತಿದ್ದರು. ಒಂದು ರಾತ್ರಿ ಕಳೆಯಲು ಜಿಪ್ಪು, ಜೇಬು, ಪರದೆ ಎಲ್ಲ ಬೇಕಾ?

ತುಂಗೆಯ ದಡದವಳು

@ಸಕಲೇಶಪುರದ ಸವಾರ, ಕೊಪ್ಪೆ ಹಾಕಿಕೊಂಡವರು ರಾತ್ರಿ ದರಗಿನ (ಉದುರಿದ ಒಣ ಎಲೆ) ಮೇಲೆ ಮಲಗುತ್ತಿರಲಿಲ್ಲ ಅಣ್ಣ, ಮನೆಗೆ ಹೋಗಿ ಮಲಗುತ್ತಿದ್ದರು.

ನಾನು ಕೊಪ್ಪದ ಕಡೆಯವಳು, ಆರೋಗ್ಯ ಇಲಾಖೆ ಕೆಲಸ. ನೆಲ ಇಲ್ಲದ ಟಾರ್ಪ್ ಅಂದಾಗ ನನಗೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ವೈರಸ್ ಇದು. ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆ ಈಗಲೂ ಕೇಸ್ ಬರುತ್ತವೆ. ಹರಡುವುದು ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆ ಹುಳದಿಂದ. ದೊಡ್ಡ ಉಣುಗು ಕಣ್ಣಿಗೆ ಬೀಳುತ್ತದೆ. ಕಾಟ ಕೊಡುವುದು ಮರಿ ಉಣುಗು, ಎಳ್ಳಿಗಿಂತ ಚಿಕ್ಕದು, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಅದರ ಕಾಲ ಯಾವುದು ಗೊತ್ತಾ? ಡಿಸೆಂಬರಿನಿಂದ ಮೇವರೆಗೆ. ಅಂದರೆ ನೀವೆಲ್ಲ ಮಳೆ ಇಲ್ಲ, ಇಂಬಳ ಇಲ್ಲ, ಆರಾಮ ಅಂತ ಚಾರಣಕ್ಕೆ ಹೊರಡುವ ಅದೇ ತಿಂಗಳು.

ಹಾಗಾಗಿ ಒಣ ಕಾಲದಲ್ಲಿ ದರಗಿನ ಮೇಲೆ ಬರೀ ಶೀಟ್ ಹಾಸಿ ಟಾರ್ಪ್ ಕೆಳಗೆ ಮಲಗುವುದು ನಮ್ಮ ತಾಲ್ಲೂಕುಗಳಲ್ಲಿ ಬೇಡ ಅಂತಲೇ ನನ್ನ ಮಾತು. ನೆಲಕ್ಕೂ ಗೋಡೆಗೂ ಸೇರಿಸಿ ಹೊಲಿದ, ಜಿಪ್ ಪೂರ್ತಿ ಮುಚ್ಚುವ ಒಳಟೆಂಟ್ ಇರಲಿ. ಟೆಂಟ್ ಹಾಕುವ ಮೊದಲು ದರಗು ಗುಡಿಸಿ. ಬ್ಯಾಗು, ಬೂಟು ಒಳಗೆ ತರುವ ಮೊದಲು ಒದರಿ. ಮಂಗ ಸತ್ತಿದೆ ಅಂತ ಸುದ್ದಿ ಇರುವ ಕಡೆ ಹೋಗಲೇಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಣುಗು ಹತ್ತಿರ ಬಾರದಂತೆ ಹಚ್ಚುವ ಡೆಪಾ ಎಣ್ಣೆ ಕೊಡುತ್ತಾರೆ, ಕೇಳಿ ಕೈಕಾಲಿಗೆ ಹಚ್ಚಿಕೊಳ್ಳಿ. ವಾಪಸ್ ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ವಾರ, ಹತ್ತು ದಿನದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ.

ಸಕಲೇಶಪುರದ ಸವಾರ

ಈ ದಿಕ್ಕಿನಲ್ಲಿ ಯೋಚನೆ ಮಾಡಿರಲಿಲ್ಲ ಮೇಡಂ. ಟಾರ್ಪ್ ಕೆಳಗೆ ನೇತು ಹಾಕುವ, ನೆಲ ಸೇರಿಸಿ ಹೊಲಿದ ಪರದೆಗೂಡು ಸಿಗುತ್ತದಲ್ಲ? ಅದನ್ನು ಸೇರಿಸಿದರೆ?

ತುಂಗೆಯ ದಡದವಳು

ಅದಾದರೆ ಸರಿ. ಆದರೆ ಅದನ್ನು ಸೇರಿಸಿದ ಮೇಲೆ ನಿಮ್ಮದೂ ಎರಡು ಪದರದ ಟೆಂಟೇ ಆಯಿತಲ್ಲ 🙂

ಕೊಟ್ಟಿಗೆಹಾರ ಗಾಳಿ

😂😂 ಸವಾರರೇ, ಟೆಂಟಿನವರ ಕಡೆಗೆ ಸ್ವಾಗತ.

ತುಂಗೆಯ ದಡದವಳು

ಇನ್ನೊಂದು ಮಾತು, ಹೆಣ್ಣುಮಕ್ಕಳ ಕಡೆಯಿಂದ. ಈ ಚರ್ಚೆಗಳಲ್ಲಿ ತೂಕದ ಲೆಕ್ಕ ಬರುತ್ತದೆ, ಬಟ್ಟೆ ಬದಲಾಯಿಸುವುದು ಎಲ್ಲಿ ಅಂತ ಬರುವುದಿಲ್ಲ. ಹೋಂಸ್ಟೇ ಅಂಗಳದಲ್ಲಿ ಹತ್ತು ಟೆಂಟ್ ಸಾಲಾಗಿ ಹಾಕಿರುತ್ತಾರೆ. ಒಳಪದರ ಬರೀ ಪರದೆ ಇದ್ದು, ಫ್ಲೈ ಅರ್ಧಕ್ಕೇ ನಿಂತಿದ್ದರೆ ಕಷ್ಟ. ಫ್ಲೈ ನೆಲದ ಹತ್ತಿರದವರೆಗೂ ಇಳಿಯುವಂಥದ್ದು ನೋಡಿ. ಒಳಗೆ ಲೈಟ್ ಹಚ್ಚಿದರೆ ಹೊರಗಿನಿಂದ ನೆರಳು ಪೂರ್ತಿ ಕಾಣುತ್ತದೆ, ಬಟ್ಟೆ ಬದಲಾಯಿಸುವಾಗ ಲೈಟ್ ಆರಿಸಿ. ಇಬ್ಬರಿಗೆ ಎರಡು ಬಾಗಿಲು ಇರಬೇಕು ಅನ್ನುವುದಕ್ಕೆ ನನ್ನ ಕಾರಣವೂ ಇದೆ. ರಾತ್ರಿ ಎದ್ದು ಹೋಗಬೇಕಾದರೆ ಪಕ್ಕದವರನ್ನು ದಾಟಿ ಹೋಗುವ ಪಾಡು ಇರುವುದಿಲ್ಲ.

ಹಾಸನದ ಚಾರಣಿಗ

ಅಬ್ಬಾ, ಒಳ್ಳೊಳ್ಳೆ ವಿಷಯ ಬಂತು. ಹಾಗಾದರೆ ಎರಡು ಪದರ, ನೆಲ ಇರುವ ಟೆಂಟ್. ಇಬ್ಬರಿಗೆ ಎರಡು ಜನರ ಟೆಂಟ್ ಸಾಕಾ? ಬಟ್ಟೆಯಲ್ಲಿ ನೈಲಾನ್, ಪಾಲಿಯೆಸ್ಟರ್ ಯಾವುದು? ಹಿಮಾಲಯಕ್ಕೂ ಅದೇ ನಡೆಯುತ್ತಾ?

ಹೊಲಿಗೆ ಮೆಷಿನ್

ಬಟ್ಟೆ ವಿಷಯ ನಾನು ಹೇಳುತ್ತೇನೆ. ಹಾಸನದಲ್ಲಿ ಹೊಲಿಗೆ ಅಂಗಡಿ ನಮ್ಮದು, ಚಾರಣದವರ ರಿಪೇರಿ ಕೆಲಸ ಬರುತ್ತಿರುತ್ತದೆ.

ನೈಲಾನ್ ಎಳೆ ಗಟ್ಟಿ, ಅದಕ್ಕೇ ತೆಳ್ಳಗೆ, ಹಗುರ ಮಾಡಲು ಆಗುತ್ತದೆ. ಆದರೆ ನೈಲಾನ್ ತೇವ ಹೀರಿ ಹಿಗ್ಗುತ್ತದೆ. ಸಂಜೆ ಬಿಗಿಯಾಗಿ ಕಟ್ಟಿದ ಫ್ಲೈ ಮಳೆ ಬಿದ್ದು ಎರಡು ಗಂಟೆಗೆ ಜೋತುಬಿದ್ದು ಒಳಪದರಕ್ಕೆ ತಾಗುತ್ತದೆ. ತಾಗಿದ ಕಡೆ ನೀರು ಒಳಗೆ. ಮಲಗುವ ಮೊದಲು ಒಮ್ಮೆ ಎಲ್ಲ ಹಗ್ಗ ಬಿಗಿ ಮಾಡಬೇಕು, ರಾತ್ರಿ ಇನ್ನೊಮ್ಮೆ. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ, ಬಿಸಿಲನ್ನೂ ನೈಲಾನಿಗಿಂತ ತಡೆಯುತ್ತದೆ. ತೂಕ ಸ್ವಲ್ಪ ಜಾಸ್ತಿ. ನಿಮ್ಮ ಬಜೆಟ್ಟಿಗೆ ಸಿಗುವುದೂ ಹೆಚ್ಚಾಗಿ ಪಾಲಿಯೆಸ್ಟರೇ, ಮಲೆನಾಡಿಗೆ ಅದೇ ಒಳ್ಳೆಯದು. ಡೈನೀಮಾ ಅಂತ ಇನ್ನೊಂದು ಇದೆ, ನೀರು ಹೀರುವುದೇ ಇಲ್ಲ, ತೂಕವೂ ಇಲ್ಲ. ಬೆಲೆ ಕೇಳಿದರೆ ಸ್ಕೂಟರ್ ತಗೊಳ್ಳಬಹುದು ಅನಿಸುತ್ತದೆ.

ಈಗ ನಮ್ಮ ಅಂಗಡಿಗೆ ಬರುವ ಟೆಂಟುಗಳ ಪಾಡು. ಹರಿದು ಬರುವುದು ಕಮ್ಮಿ. ಬರುವುದೆಲ್ಲ ಅಂಟುಅಂಟಾಗಿ, ಹುಳಿ ವಾಸನೆ ಹೊಡೆಯುತ್ತಾ, ಬೂಷ್ಟು ಹಿಡಿದು. ಬಟ್ಟೆಯ ಒಳಮೈಗೆ ಪಾಲಿಯುರೆಥೇನ್ ಲೇಪ ಇರುತ್ತದೆ, ನೀರು ತಡೆಯುವುದು ಅದೇ. ತೇವದಲ್ಲಿ ಮುದುರಿ ಇಟ್ಟರೆ ಲೇಪ ನಿಧಾನಕ್ಕೆ ಕೊಳೆತು, ಮೊದಲು ಅಂಟಾಗಿ ಆಮೇಲೆ ಹೊಟ್ಟಿನ ಹಾಗೆ ಉದುರುತ್ತದೆ. ಬಿಡಿಸುವಾಗ ಚರ್‍ ಅಂತ ಸದ್ದು ಬಂದರೆ ಮುಗಿಯಿತು, ಅದಕ್ಕೆ ರಿಪೇರಿ ಇಲ್ಲ. ಮಳೆಗಾಲದಲ್ಲಿ ಅಟ್ಟದ ಮೇಲೆ ಎಸೆದ ಟೆಂಟ್ ಒಂದೆರಡು ವರ್ಷಕ್ಕೇ ಹೀಗಾಗಿರುವುದು ನೋಡಿದ್ದೇನೆ. ಚಾರಣ ಮುಗಿಸಿ ಬಂದ ಮೇಲೆ ಮನೆಯೊಳಗೇ ಹಗ್ಗ ಕಟ್ಟಿ ಫ್ಯಾನ್ ಕೆಳಗೆ ಎರಡು ದಿನ ಒಣಗಿಸಿ, ಅದರ ಚಿಕ್ಕ ಚೀಲಕ್ಕೆ ಬಿಗಿಯಾಗಿ ತುಂಬದೇ, ಸಡಿಲವಾಗಿ ಹತ್ತಿ ಚೀಲದಲ್ಲಿ ಇಡಿ.

ಹೊಲಿಗೆ ಸೋರಿದರೆ ಸೀಲ್ ಮಾಡಬಹುದು. ಆದರೆ ಲೇಪ ಯಾವುದು ನೋಡಿಕೊಳ್ಳಿ. ಸಿಲಿಕೋನ್ ಲೇಪದ ಬಟ್ಟೆಗೆ ಸಿಲಿಕೋನ್ ಸೀಲೆಂಟೇ ಹಿಡಿಯುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದನ್ನು ಮಿನರಲ್ ಟರ್ಪಂಟೈನಿನಲ್ಲಿ ತೆಳ್ಳಗೆ ಕಲಸಿ ಬ್ರಷ್‌ನಲ್ಲಿ ಹಚ್ಚಿದರೆ ಆಯಿತು. ಪಾಲಿಯುರೆಥೇನ್ ಲೇಪದ್ದಕ್ಕೆ ಅದರದ್ದೇ ಗೋಂದು ಬೇಕು, ಸಿಲಿಕೋನ್ ಹಚ್ಚಿದರೆ ಸಿಪ್ಪೆ ಎದ್ದು ಬರುತ್ತದೆ.

ಬೇಲೂರು ಬೈಲು

ಹಿಮಾಲಯದ ಪ್ರಶ್ನೆಗೆ: ಎರಡಕ್ಕೂ ಒಂದೇ ಟೆಂಟ್ ಹುಡುಕಬೇಡಿ. ಇಲ್ಲಿ ಪರದೆ ಜಾಸ್ತಿ ಇದ್ದಷ್ಟೂ ಒಳ್ಳೆಯದು. ಅಲ್ಲಿ ಹಿಮದ ಕಾಲದಲ್ಲಿ ಅದೇ ಪರದೆಯೊಳಗಿಂದ ಪುಡಿ ಹಿಮ, ತಣ್ಣನೆ ಗಾಳಿ ಮುಖಕ್ಕೆ ಬರುತ್ತದೆ. ಹಿಮ ತೂಕ ಹೊರಲು ಕೋಲುಗಳೂ ಜಾಸ್ತಿ ಬೇಕು. ಸಂಸ್ಥೆಗಳ ಜೊತೆ ಹೋದರೆ ಟೆಂಟ್ ಅವರೇ ಕೊಡುತ್ತಾರೆ. ಸ್ವಂತ ಹೋಗುವುದಾದರೆ ಡೆಹ್ರಾಡೂನ್, ಮನಾಲಿ ಕಡೆ ಬಾಡಿಗೆಗೆ ಸಿಗುತ್ತದೆ. ಅಲ್ಲೂ ಎಲ್ಲೆಂದರಲ್ಲಿ ಹಾಕುವಂತಿಲ್ಲ. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲ್‌ಗಳಲ್ಲಿ, ಅಂದರೆ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗುವುದನ್ನು ನಿಲ್ಲಿಸಿತು.

ಗಾತ್ರ: ಎರಡು ಜನರ ಟೆಂಟ್ ಅಂದರೆ ಎರಡು ಜನ ಅಲುಗಾಡದೇ ಮಲಗುವ ಟೆಂಟ್. ಸಾಮಾನ್ಯ ಅಗಲ 130 ಸೆಂ.ಮೀ. ಆಸುಪಾಸು. ಒಂದು ಮ್ಯಾಟೇ 50–60 ಸೆಂ.ಮೀ. ಬ್ಯಾಗ್ ಎಲ್ಲಿಡುತ್ತೀರಿ? ಬಾಗಿಲ ಮುಂದೆ ಫ್ಲೈ ಚಾಚಿಕೊಂಡು ಪಡಸಾಲೆ ಥರ ಜಾಗ ಇರುವ ಮಾದರಿ ತಗೊಳ್ಳಿ, ಬ್ಯಾಗು ಬೂಟು ಅಲ್ಲಿ. ನಿಮ್ಮಿಬ್ಬರಲ್ಲಿ ಯಾರಾದರೂ ಆರಡಿ ಇದ್ದರೆ ಉದ್ದ ನೋಡಿ. ಅಂಗಡಿಯಲ್ಲೇ ಒಳಗೆ ಮಲಗಿ. ತಲೆ, ಪಾದ ಎರಡೂ ಗೋಡೆಗೆ ತಾಗಬಾರದು.

ಹಾಸನದ ಚಾರಣಿಗ

ಅಂಗಡಿಯಲ್ಲಿ ಮಲಗಿದರೆ ಬೈಯಲ್ವಾ? 😅

ಬೇಲೂರು ಬೈಲು

ಎಂಟು ಸಾವಿರ ಕೊಡುವವರು ನೀವು. ಬೂಟು ಬಿಚ್ಚಿ ಮಲಗಿ.

ಕೊಟ್ಟಿಗೆಹಾರ ಗಾಳಿ

ಗಾಳಿ ಬಗ್ಗೆ ನನ್ನ ಹೆಸರಿಗಾದರೂ ಎರಡು ಮಾತು ಹೇಳಲೇಬೇಕು. ಬಲ್ಲಾಳರಾಯನ ದುರ್ಗ, ಎತ್ತಿನ ಭುಜ, ಆ ಸಾಲಿನಲ್ಲಿ ಗಾಳಿ ಕಣಿವೆಯಿಂದ ನೇರ ಎದ್ದು ಬರುತ್ತದೆ. ಸುತ್ತಮುತ್ತಲಿನ ಬ್ಯಾಣಗಳಲ್ಲೂ ಅಷ್ಟೇ. ಟೆಂಟಿನ ಜೊತೆ ಬರುವ ತಂತಿ ಗೂಟ ಜಂಬಿಟ್ಟಿಗೆ ನೆಲಕ್ಕೆ ಬಡಿದರೆ ಎರಡೇ ಏಟಿಗೆ ಬಾಗಿ ಹುಕ್ಕಾಗುತ್ತದೆ. ಮಳೆಗಾಲದ ಕೆಸರಿನಲ್ಲಿ ಅದೇ ಗೂಟ ಬೆಣ್ಣೆಯಿಂದ ಕಿತ್ತ ಹಾಗೆ ಬರುತ್ತದೆ. ಅಡ್ಡ ಕೊಯ್ದರೆ ಮೂರು ಮೂಲೆ ಕಾಣುವ ಅಲ್ಯೂಮಿನಿಯಂ ಗೂಟ ಬೇರೆ ತಗೊಳ್ಳಿ, ಒಂದು ಗೇಣು ಉದ್ದದ್ದು. ಟೆಂಟಿನ ಕಡೆಗಲ್ಲ, ಆಚೆ ಕಡೆಗೆ ಓರೆ ಮಾಡಿ ತಲೆ ಬಾಗಿಸಿ ಹೊಡೆಯಬೇಕು ಅಂತ ಹೇಳುವವರೂ ಇದ್ದಾರೆ. ಗಟ್ಟಿ ನೆಲದಲ್ಲಿ ನೆಟ್ಟಗೆ ಪೂರ್ತಿ ಇಳಿದರೆ ಸಾಕು. ಗೂಟ ಇಳಿಯದ ಕಡೆ ಹಗ್ಗವನ್ನು ದಪ್ಪ ಕಲ್ಲಿಗೆ ಸುತ್ತಿ, ಅದರ ಮೇಲೆ ಇನ್ನೊಂದು ಕಲ್ಲು.

ತನ್ನಷ್ಟಕ್ಕೆ ನಿಲ್ಲುವ ಗುಮ್ಮಟದ ಟೆಂಟೇ ಇಲ್ಲಿಗೆ ಸರಿ ಅಂತ ನನ್ನ ಅಭಿಪ್ರಾಯ. ಕೋಲು ಹಾಕಿದ ಕೂಡಲೇ ನಿಂತುಕೊಳ್ಳುತ್ತದೆ, ಎತ್ತಿ ಜಾಗ ಬದಲಾಯಿಸಬಹುದು. ಟ್ರೆಕ್ಕಿಂಗ್ ಕೋಲಿನ ಮೇಲೆ ನಿಲ್ಲುವ ಒಂದು ಕೆ.ಜಿ. ಟೆಂಟ್ ಪೂರ್ತಿ ಗೂಟದ ಮೇಲೇ ಬದುಕುತ್ತದೆ. ಒಂದು ಗೂಟ ಎದ್ದರೆ ಟೆಂಟೇ ಮುಖದ ಮೇಲೆ. ಆದರೆ ತನ್ನಷ್ಟಕ್ಕೆ ನಿಲ್ಲುತ್ತದೆ ಅಂತ ಗೂಟ ಹೊಡೆಯದೇ ಬಿಟ್ಟು ಟೀ ಕುಡಿಯಲು ಹೋಗಬೇಡಿ, ಗಾಳಿಪಟ ಆಗುತ್ತದೆ. ಗಾಳಿ ಬರುವ ಕಡೆಗೆ ಕಿರಿದಾದ ಬದಿ ಇರಲಿ, ಬಾಗಿಲು ಬೇಡ.

ಮಾರ್ಚ್, ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಕೇಳಿದರೆ ಬ್ಯಾಣ ಬಿಟ್ಟು ಕೆಳಗಿಳಿದುಬಿಡಿ. ಸಿಡಿಲಿಗೆ ಟೆಂಟ್ ಯಾವ ರಕ್ಷಣೆಯೂ ಅಲ್ಲ. ಒಂಟಿ ಮರದ ಕೆಳಗೂ ನಿಲ್ಲಬೇಡಿ. ಮನೆ ಇಲ್ಲವೇ ಕಾರು.

ಜೋಲಿ ಪ್ರಿಯ

ಹ್ಯಾಮಕ್ ಒಬ್ಬರೂ ತಗೊಳ್ಳಲ್ಲ ಅಂತಾಯ್ತು. ಇರಲಿ. ಒಬ್ಬಂಟಿ ಹೋಗುವವರು, ಮರ ಇರುವ ಕಡೆ, ಮಳೆಗಾಲದಲ್ಲಿ. ಅದಕ್ಕೆ ಇದರಷ್ಟು ಸುಖ ಬೇರೆ ಇಲ್ಲ ಅಂತ ನಾನು ಹೇಳುತ್ತಲೇ ಇರುತ್ತೇನೆ.

ಹಾಸನದ ಚಾರಣಿಗ

ಎಲ್ಲರಿಗೂ ಥ್ಯಾಂಕ್ಸ್. ಪಾಲಿಯೆಸ್ಟರ್, ಎರಡು ಪದರ, ಎರಡು ಬಾಗಿಲು, ಗುಮ್ಮಟ, ಬಾಗಿಲ ಮುಂದೆ ಜಾಗ. ಬೆಂಗಳೂರಿಗೆ ಹೋದಾಗ ಮಲಗಿ ನೋಡಿಯೇ ತಗೊಳ್ಳುತ್ತೇನೆ. ಉಳಿದ ದುಡ್ಡಿಗೆ ಗೂಟ, ಮತ್ತೆ ಒಂದು ಸಣ್ಣ ಟಾರ್ಪ್. ಹಿಮಾಲಯಕ್ಕೆ ಬಾಡಿಗೆ.

ಕೊನೆಯ ಪ್ರಶ್ನೆ. ಮಳೆ ಹಿಡಿದುಕೊಂಡರೆ ಬಾಗಿಲ ಮುಂದಿನ ಜಾಗದಲ್ಲಿ ಸ್ಟವ್ ಹಚ್ಚಬಹುದಾ? ಟೆಂಟ್ ಕೆಳಗೆ ಹಾಸಲು ಮಾವನ ಹತ್ತಿರ ಕಾಫಿ ಒಣಗಿಸುವ ಟಾರ್ಪಾಲ್ ಇದೆ, ಅದೇ ಸಾಕಾ?

ಸಕಲೇಶಪುರದ ಸವಾರ

ಸ್ಟವ್ ಬೇಡ. ಮುಚ್ಚಿದ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ವಾಸನೆ ಇಲ್ಲ. ಫ್ಲೈಗೆ ಬೆಂಕಿ ತಾಗಿದರೆ ಕ್ಷಣದಲ್ಲಿ ಹೋಯಿತು. ಆ ಸಣ್ಣ ಟಾರ್ಪ್ ತಗೊಳ್ಳುತ್ತೀರಲ್ಲ, ಅದನ್ನು ಎತ್ತರಕ್ಕೆ ಕಟ್ಟಿ ಕೆಳಗೆ ಅಡುಗೆ ಮಾಡಿ. ಕೊನೆಗೂ ನನ್ನ ಟಾರ್ಪ್ ಒಂದು ಬಂತು 😎

ಕಾಫಿ ಕಣ

ಟಾರ್ಪಾಲ್ ನಡೆಯುತ್ತದೆ, ತೋಟದವರೆಗೆ ಜೀಪಿನಲ್ಲಿ ಬರುತ್ತದಲ್ಲ. ಹೊತ್ತುಕೊಂಡು ನಡೆಯುವುದಾದರೆ ಭಾರ. ಹಾಸುವಾಗ ಟೆಂಟಿನ ನೆಲಕ್ಕಿಂತ ಒಂದಂಗುಲ ಚಿಕ್ಕದಾಗಿ ಮಡಚಿ. ಅಂಚು ಹೊರಗೆ ಚಾಚಿದ್ದರೆ ಫ್ಲೈಯಿಂದ ಇಳಿದ ನೀರು ಅದರ ಮೇಲೆ ಬಿದ್ದು ನೇರ ನಿಮ್ಮ ಕೆಳಗೆ ಹರಿಯುತ್ತದೆ. ಬೆಳಿಗ್ಗೆ ಮಾವನಿಗೆ ಒಣಗಿಸಿ ವಾಪಸ್ ಕೊಡಿ, ಕೊಯ್ಲಿನ ಕಾಲದಲ್ಲಿ ಅದಕ್ಕೆ ಭಾರೀ ಡಿಮ್ಯಾಂಡು.

ಹೊರಡುವ ಮೊದಲು ಮಾವನಿಗೆ ಒಂದು ಫೋನ್ ಮಾಡಿ. ಗಿಡಕ್ಕೆ ಬೋರ್ಡೊ ಔಷಧಿ ಹೊಡೆದ ಕಡೆ ಆ ವಾರ ಟೆಂಟ್ ಹಾಕಬೇಡಿ. ಫೆಬ್ರವರಿ, ಮಾರ್ಚ್ ಆದರೆ ಹೂವಿಗೆ ನೀರು ಕೊಡುತ್ತಿರುತ್ತಾರೆ, ಸ್ಪ್ರಿಂಕ್ಲರ್ ಯಾವ ಬ್ಲಾಕಿನಲ್ಲಿ ಓಡುತ್ತಿದೆ ಕೇಳಿಕೊಳ್ಳಿ. ಕರೆಂಟ್ ಬಂದ ಹೊತ್ತಿಗೆ ಚಾಲು ಮಾಡುತ್ತಾರೆ, ರಾತ್ರಿ ಎರಡು ಗಂಟೆ ಆದರೂ.